ಅಪ್‌ಡೇಟ್ ಹಾಕಿದ ಮೇಲೂ ರೀಬೂಟ್ ಏಕೆ?

ಪ್ರಶ್ನೆ: ನಮ್ಮ ಕಚೇರಿಯ ಲಿನಕ್ಸ್ ಸರ್ವರ್ 412 ದಿನಗಳಿಂದ ಒಮ್ಮೆಯೂ ನಿಂತಿಲ್ಲ. ಭದ್ರತಾ ಅಪ್‌ಡೇಟ್‌ಗಳನ್ನು ಪ್ರತಿ ವಾರ ತಪ್ಪದೆ ಹಾಕುತ್ತೇವೆ. ಆದರೂ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ರೀಬೂಟ್ ಮಾಡಲೇಬೇಕು ಎನ್ನುತ್ತಾರೆ. ಚೆನ್ನಾಗಿ ನಡೆಯುತ್ತಿರುವುದನ್ನು ನಿಲ್ಲಿಸುವುದೇಕೆ?

ಉತ್ತರ: ನಿಮ್ಮ ಸಹೋದ್ಯೋಗಿ ಹೇಳುತ್ತಿರುವುದು ಸರಿ. ಅಪ್‌ಡೇಟ್ ಹಾಕಿದಾಗ ಬದಲಾಗುವುದು ಡಿಸ್ಕ್‌ನಲ್ಲಿರುವ ಫೈಲು. ಅದಾಗಲೇ ನಡೆಯುತ್ತಿರುವ ಪ್ರೋಗ್ರಾಮು, ಶುರುವಾದಾಗ ಮೆಮೊರಿಗೆ ತಂದುಕೊಂಡ ಹಳೆಯ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. ಲಿನಕ್ಸ್‌ನಲ್ಲಂತೂ ಫೈಲನ್ನು ಅಳಿಸಿದರೆ ಮೊದಲು ಹೋಗುವುದು ಅದರ ಹೆಸರಷ್ಟೇ. ಯಾವುದಾದರೊಂದು ಪ್ರೋಗ್ರಾಮು ಅದನ್ನು ಬಳಸುತ್ತಿರುವವರೆಗೆ ಒಳಗಿನ ದತ್ತಾಂಶ ಉಳಿದೇ ಇರುತ್ತದೆ. ರೂಟ್ (ಪೂರ್ಣ ಅಧಿಕಾರವುಳ್ಳ ಬಳಕೆದಾರ) ಆಗಿ, ತೆರೆದಿರುವ ಫೈಲುಗಳ ಪಟ್ಟಿ ಕೊಡುವ ‘ಎಲ್‌ಎಸ್‌ಒಎಫ್’ (lsof) ಕಮಾಂಡ್ ಕೊಟ್ಟು ನೋಡಿ. ಯಾವುದಾದರೂ ಲೈಬ್ರರಿಯ (ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡಿನ ಫೈಲು) ಸಾಲಿನಲ್ಲಿ ‘ಡಿಇಎಲ್’ (DEL) ಎಂಬ ಗುರುತು ಕಂಡರೆ, ಆ ಸಾಲಿನ ಸರ್ವೀಸು (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಮು) ಅಳಿಸಿಹೋದ ಹಳೆಯ ಲೈಬ್ರರಿಯನ್ನೇ ಇನ್ನೂ ಬಳಸುತ್ತಿದೆ ಎಂದರ್ಥ. 2014ರ ಏಪ್ರಿಲ್‌ನಲ್ಲಿ, ಸಂಪರ್ಕಗಳನ್ನು ಗೂಢಲಿಪಿಯಲ್ಲಿಡುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗಲೂ ಅಷ್ಟೆ: ತಿದ್ದಿದ ಲೈಬ್ರರಿಯನ್ನು ಹಾಕಿ ವೆಬ್ ಸರ್ವರನ್ನು ರೀಸ್ಟಾರ್ಟ್ ಮಾಡದೆ ಬಿಟ್ಟಿದ್ದರೆ, ಮೆಮೊರಿಯಲ್ಲಿನ ಗುಟ್ಟುಗಳು ಮೊದಲಿನಂತೆಯೇ ಸೋರುತ್ತಿದ್ದವು.

ಸರ್ವೀಸುಗಳನ್ನಾದರೆ ಒಂದೊಂದಾಗಿ ರೀಸ್ಟಾರ್ಟ್ ಮಾಡಬಹುದು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿಗೆ ಆ ಸೌಲಭ್ಯವಿಲ್ಲ; ತಿದ್ದಿದ ಕರ್ನಲ್ ಬಳಕೆಗೆ ಬರಲು ರೀಬೂಟೇ ಬೇಕು. 2016ರಲ್ಲಿ ಬಯಲಾದ ‘ಡರ್ಟಿ ಕೌ’ ದೋಷ 2007ರಿಂದಲೂ ಲಿನಕ್ಸ್ ಕರ್ನಲ್ಲಿನೊಳಗೇ ಇದ್ದು, ಸಾಮಾನ್ಯ ಬಳಕೆದಾರನೂ ರೂಟ್ ಅಧಿಕಾರ ಪಡೆಯಲು ದಾರಿ ಮಾಡಿಕೊಡುತ್ತಿತ್ತು. 2015ರಲ್ಲಿ ಬಂದ ಲಿನಕ್ಸ್ 4.0ರಿಂದ, ನಡೆಯುತ್ತಿರುವ ಕರ್ನಲ್ಲನ್ನು ನಿಲ್ಲಿಸದೆಯೇ ತಿದ್ದುವ ಲೈವ್ ಪ್ಯಾಚಿಂಗ್ ವ್ಯವಸ್ಥೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ತುರ್ತಿಗೆ ಒಳ್ಳೆಯದೇ. ಆದರೆ ಅದು ಬದಲಿಸುವುದು ಕರ್ನಲ್ಲಿನ ಆಯ್ದ ಫಂಕ್ಷನ್‌ಗಳನ್ನು (ಕೋಡಿನ ತುಣುಕುಗಳನ್ನು). ದತ್ತಾಂಶದ ರಚನೆಯೇ ಬದಲಾಗಬೇಕಾದಲ್ಲಿ ಅದರ ಕೆಲಸ ಬಹಳ ಕಷ್ಟ. ಆದ್ದರಿಂದ ಅದು ರೀಬೂಟನ್ನು ಮುಂದೂಡಿಕೊಳ್ಳಲು ಸಿಗುವ ಕಾಲಾವಕಾಶ ಎಂದು ತಿಳಿದರೆ ಸಾಕು.

ಅಪ್‌ಟೈಮ್ (ಯಂತ್ರ ನಿಲ್ಲದೆ ನಡೆದ ಅವಧಿ) ಬಗ್ಗೆ ಹೆಮ್ಮೆ ಪಡುತ್ತಿದ್ದವರಲ್ಲಿ ನಾನೂ ಒಬ್ಬ. ಹಳೆಯ ಲಿನಕ್ಸ್‌ಗಳಲ್ಲಿ ಸೆಕೆಂಡಿಗೆ 100 ಸಲ ಏರುವ 32 ಬಿಟ್‌ಗಳ ಎಣಿಕೆ 497 ದಿನಗಳಲ್ಲಿ ತುಂಬಿ ಮತ್ತೆ ಸೊನ್ನೆಗೆ ಬರುತ್ತಿದ್ದುದರಿಂದ, ನಮ್ಮ ಹೆಮ್ಮೆಗೂ ಅಲ್ಲಿಗೇ ಮಿತಿಯಿತ್ತು.

ಭದ್ರತೆಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. 412 ದಿನಗಳಲ್ಲಿ ಯಾರೋ ಕೈಯಿಂದ ಬದಲಿಸಿ ಉಳಿಸದೆ ಬಿಟ್ಟ ನೆಟ್‌ವರ್ಕ್ ಸೆಟ್ಟಿಂಗ್, ಬೂಟ್ ಆದಾಗ ತಾನಾಗಿ ಏಳುವಂತೆ ಹೊಂದಿಸದ ಡೇಟಾಬೇಸ್, ಈಗ ಇಲ್ಲವೇ ಇಲ್ಲದ ಡಿಸ್ಕನ್ನು ಹುಡುಕುವ ಮೌಂಟ್ (ಡಿಸ್ಕನ್ನು ಜೋಡಿಸಿಕೊಳ್ಳುವ) ಸಾಲು ಇವೆಲ್ಲ ಸದ್ದಿಲ್ಲದೆ ಕುಳಿತಿರಬಹುದು. ನೀವು ರೀಬೂಟ್ ಮಾಡದಿದ್ದರೆ ಒಂದು ದಿನ ವಿದ್ಯುತ್ ಕೈಕೊಟ್ಟು ಆ ಕೆಲಸ ಮಾಡುತ್ತದೆ, ಅದೂ ಅಪರಾತ್ರಿಯಲ್ಲಿ. ತಿಂಗಳಿಗೊಮ್ಮೆ ರೀಬೂಟ್ ಮಾಡುವವರು ತಪ್ಪು ಹುಡುಕಬೇಕಾದದ್ದು ಒಂದು ತಿಂಗಳ ಬದಲಾವಣೆಗಳಲ್ಲಿ; ನೀವು ಹುಡುಕಬೇಕಾದದ್ದು ಒಂದು ವರ್ಷಕ್ಕೂ ಮಿಕ್ಕಿದ ಬದಲಾವಣೆಗಳಲ್ಲಿ.

ಮೊದಲ ಸಲ ಎಚ್ಚರ ವಹಿಸಿ. ಬ್ಯಾಕಪ್ ತೆಗೆದು, ಅದರಿಂದ ಒಂದು ಫೈಲನ್ನು ವಾಪಸು ತಂದು ನೋಡಿ, ಯಂತ್ರದ ಕನ್ಸೋಲ್ (ಅದರದೇ ಪರದೆ, ಕೀಲಿಮಣೆ) ಕೈಗೆ ಸಿಗುವಂತಿರುವಾಗ, ಆ ವಾರದ ಅಪ್‌ಡೇಟ್ ಹಾಕುವುದಕ್ಕೆ ಮುಂಚೆಯೇ ರೀಬೂಟ್ ಮಾಡಿ. ಆಗ ಏನಾದರೂ ಏಳದಿದ್ದರೆ ಆ ಅಪ್‌ಡೇಟನ್ನು ದೂರುವಂತಿಲ್ಲ. ಎಲ್ಲವೂ ಎದ್ದಿತೆಂದು ಖಚಿತವಾದ ಮೇಲೆ ಅಪ್‌ಡೇಟ್ ಹಾಕಿ ಮತ್ತೊಮ್ಮೆ ರೀಬೂಟ್ ಮಾಡಿ. ಸೇವೆ ಒಂದು ನಿಮಿಷವೂ ನಿಲ್ಲಬಾರದೆಂದಿದ್ದರೆ ಎರಡು ಯಂತ್ರಗಳನ್ನಿಟ್ಟು ಒಂದಾದ ಮೇಲೊಂದನ್ನು ನಿಲ್ಲಿಸುವುದೇ ಮಾರ್ಗ.

ಪ್ರಶ್ನೆ: ವಿಂಡೋಸ್ ಲ್ಯಾಪ್‌ಟಾಪನ್ನು ಪ್ರತಿ ರಾತ್ರಿ ಶಟ್ ಡೌನ್ ಮಾಡುತ್ತೇನೆ. ಆದರೂ ಟಾಸ್ಕ್ ಮ್ಯಾನೇಜರ್ 19 ದಿನಗಳ ಅಪ್‌ಟೈಮ್ ತೋರಿಸುತ್ತಿದೆ. ಇದೇನು ದೋಷವೇ?

ಉತ್ತರ: ದೋಷವಲ್ಲ. ವಿಂಡೋಸ್ 8ರಿಂದೀಚೆಗೆ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ, ಶಟ್ ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಮುಗಳು ಮುಚ್ಚಿಕೊಳ್ಳುತ್ತವೆ. ಕರ್ನಲ್ ಮಾತ್ರ ತನ್ನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಯುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದು ‘ರೀಸ್ಟಾರ್ಟ್’ ಒತ್ತಿದಾಗ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್ ಡೌನ್ ಮಾಡಿದರೂ ಯಂತ್ರ ಪೂರ್ತಿಯಾಗಿ ನಿಲ್ಲುತ್ತದೆ.