100 ಮೀಟರ್ ಚಿನ್ನವನ್ನು ಮೊದಲು ಉಳಿಸಿಕೊಂಡವರು ಯಾರು?

ನಮಸ್ಕಾರ. ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಚಿನ್ನ ಗೆದ್ದು, ಮುಂದಿನ ಒಲಿಂಪಿಕ್ಸ್‌ನಲ್ಲೂ ಅದನ್ನು ಉಳಿಸಿಕೊಂಡ ಮೊದಲ ವ್ಯಕ್ತಿ ಯಾರು ಅಂತ ಕೇಳಿದ್ದೀರಿ. ನಿಮ್ಮ ಪರೀಕ್ಷಾ ಪುಸ್ತಕದಲ್ಲಿ ಕಾರ್ಲ್ ಲೂಯಿಸ್ ಅಂತಿದೆ, ಕೋಚಿಂಗ್ ಕ್ಲಾಸಿನ ಮೇಷ್ಟ್ರು ಬೇರೊಂದು ಹೆಸರು ಹೇಳಿದರು, ಅದೂ ಒಬ್ಬ ಹೆಣ್ಣುಮಗಳ ಹೆಸರು. ನಿಮ್ಮ ಮೇಷ್ಟ್ರು ಹೇಳಿದ್ದೇ ಸರಿ. ಆಕೆ ವಯೋಮಿಯಾ ಟೈಯಸ್. 1964ರ ಟೋಕಿಯೊದಲ್ಲಿ ಗೆದ್ದರು, 1968ರ ಮೆಕ್ಸಿಕೊ ಸಿಟಿಯಲ್ಲಿ ಮತ್ತೆ ಗೆದ್ದರು. ಲೂಯಿಸ್ ಗೆದ್ದದ್ದು 1984 ಮತ್ತು 1988ರಲ್ಲಿ, ಅಂದರೆ ಸರಿಯಾಗಿ ಇಪ್ಪತ್ತು ವರ್ಷ ತಡವಾಗಿ. 1988ರಲ್ಲೂ ಗೆರೆ ಮೊದಲು ದಾಟಿದವರು ಬೆನ್ ಜಾನ್ಸನ್. ಅವರು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದ ಮೇಲೆ ಚಿನ್ನ ಲೂಯಿಸ್ ಕೈಗೆ ಬಂತು.

ಆರ್ಚಿ ಹಾನ್ ಅಂತ ಇನ್ನೊಬ್ಬರ ಹೆಸರನ್ನೂ ಯಾರಾದರೂ ಹೇಳಬಹುದು. ಅವರು 1904ರಲ್ಲೂ 1906ರ ಅಥೆನ್ಸ್ ಕೂಟದಲ್ಲೂ 100 ಮೀಟರ್ ಗೆದ್ದಿದ್ದು ನಿಜ. ಆದರೆ 1906ರ ಕೂಟವನ್ನು ಒಲಿಂಪಿಕ್ ಸಮಿತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಉತ್ತರದಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ, ಹೆಣ್ಣುಮಕ್ಕಳನ್ನು ಓಡಿಸುವುದೇ ನನ್ನ ಕೆಲಸ. ಈ ಹೆಸರು ಬಂದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಟೈಯಸ್ ಹುಟ್ಟಿದ್ದು 1945ರ ಆಗಸ್ಟ್ 29ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಗ್ರಿಫಿನ್ ಎಂಬ ಊರಿನಲ್ಲಿ. ಅಪ್ಪ ಹಾಲಿನ ಡೇರಿಯಲ್ಲಿ ಕೂಲಿ, ಅಮ್ಮ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ. ಮೂವರು ಅಣ್ಣಂದಿರ ಮೇಲೆ ಹುಟ್ಟಿದ ಒಬ್ಬಳೇ ಹೆಣ್ಣುಮಗು. ಅಣ್ಣಂದಿರು ಆಟಕ್ಕೆ ಹೊರಟರೆ ತಂಗಿಯನ್ನೂ ಸೇರಿಸಿಕೊಳ್ಳಬೇಕು ಅಂತ ಅಪ್ಪನ ಕಟ್ಟಪ್ಪಣೆ. ವರ್ಣಭೇದ ಕಾನೂನಾಗಿಯೇ ಇದ್ದ ಕಾಲ ಅದು. ಬಿಳಿಯರ ಮಕ್ಕಳ ಶಾಲೆ ಮನೆಯ ಹತ್ತಿರವೇ ಇದ್ದರೂ ಈ ಹುಡುಗಿ ಬಸ್ಸಿನಲ್ಲಿ ಕೂತು ದೂರದ ಕಪ್ಪು ವರ್ಣೀಯರ ಶಾಲೆಗೆ ಹೋಗಬೇಕಿತ್ತು. ಹದಿಹರೆಯದಲ್ಲಿ ಮನೆ ಸುಟ್ಟು ಬೂದಿಯಾಯಿತು. ಅದಾದ ಸ್ವಲ್ಪ ದಿನಕ್ಕೆ, ಹದಿನೈದನೇ ವಯಸ್ಸಿನಲ್ಲಿ, ಅಪ್ಪನೂ ಹೋದರು. ಆಮೇಲೆ ಹುಡುಗಿ ಮಾತೇ ಬಿಟ್ಟಂತಾದಳು. ಕೇಳಿದ್ದಕ್ಕೆ ಒಂದೊಂದೇ ಪದದ ಉತ್ತರ. ಉಳಿದದ್ದು ಓಟ ಒಂದೇ.

ಜಾರ್ಜಿಯಾದ ಪ್ರೌಢಶಾಲಾ ಕೂಟವೊಂದರಲ್ಲಿ ಈ ಹುಡುಗಿಯನ್ನು ಎಡ್ ಟೆಂಪಲ್ ನೋಡಿದರು. ನ್ಯಾಶ್‌ವಿಲ್‌ನ ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಅಧ್ಯಾಪಕರಾಗಿದ್ದವರು, ಜೊತೆಗೆ ಹೆಣ್ಣುಮಕ್ಕಳ ಅಥ್ಲೆಟಿಕ್ಸ್ ಕೋಚ್. ಅವರ ತಂಡಕ್ಕೆ ಟೈಗರ್‌ಬೆಲ್ಸ್ ಅಂತ ಹೆಸರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದ ವಿಲ್ಮಾ ರುಡಾಲ್ಫ್ ಇದೇ ತಂಡದವರು. ಟೆಂಪಲ್ ಪ್ರತಿ ಬೇಸಿಗೆಯಲ್ಲೂ ಹೈಸ್ಕೂಲ್ ಹುಡುಗಿಯರನ್ನು ಕರೆಸಿ ಶಿಬಿರ ನಡೆಸುತ್ತಿದ್ದರು. ದಿನಕ್ಕೆ ಮೂರು ಸಲ ಓಟ, ಮೊದಲನೆಯದು ಬೆಳಗಿನ ಜಾವ 5 ಗಂಟೆಗೆ. ಟೈಯಸ್ ಹಾಗೆ ಶಿಬಿರಕ್ಕೆ ಬಂದವರು ಮುಂದೆ ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾದರು.

ಅಮೆರಿಕದ ಕಾಲೇಜು ಕ್ರೀಡೆ ಅಂದರೆ ನಮ್ಮ ಕಣ್ಮುಂದೆ ಬರುವುದು ದೊಡ್ಡ ಸ್ಟೇಡಿಯಂ, ಪೂರ್ತಿ ಸ್ಕಾಲರ್‌ಶಿಪ್, ಟಿವಿ. ಟೈಗರ್‌ಬೆಲ್ಸ್‌ಗೆ ಇದ್ಯಾವುದೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಕ್ರೀಡಾ ಸ್ಕಾಲರ್‌ಶಿಪ್ ಎಂಬುದೇ ಆಗ ಇಲ್ಲ. ಕ್ಯಾಂಪಸ್ಸಿನಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಮಾಡಬೇಕು, ಅದಕ್ಕೆ ಬದಲಾಗಿ ಓದಿನ ಖರ್ಚು. ತರಗತಿ, ಕೆಲಸ, ಆಮೇಲೆ ಅಭ್ಯಾಸ. ಬೇರೆ ರಾಜ್ಯಕ್ಕೆ ಕೂಟಕ್ಕೆ ಹೊರಟರೆ ಕಾರು ತುಂಬ ಹುಡುಗಿಯರು, ಮಡಿಲಲ್ಲಿ ಬುತ್ತಿ. ದಾರಿಯ ಹೋಟೆಲುಗಳಲ್ಲಿ ಕಪ್ಪು ವರ್ಣೀಯರಿಗೆ ಊಟ ಕೊಡುತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತಿರುವ ಎನ್‌ಸಿಎಎ, ಅಂದರೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ, ಹೆಣ್ಣುಮಕ್ಕಳಿಗೆ ಟ್ರ್ಯಾಕ್ ಚಾಂಪಿಯನ್‌ಷಿಪ್ ಶುರುಮಾಡಿದ್ದೇ 1980ರ ದಶಕದಲ್ಲಿ. ಕಾಲೇಜು ಕ್ರೀಡೆಯಲ್ಲಿ ಹೆಣ್ಣುಮಕ್ಕಳ ಸಮಪಾಲಿಗೆ ಬಾಗಿಲು ತೆರೆದ ಟೈಟಲ್ ನೈನ್ ಕಾನೂನು ಬಂದಿದ್ದು 1972ರಲ್ಲಿ. ಅಷ್ಟರಲ್ಲಿ ಟೈಯಸ್ ಓದು ಮುಗಿಸಿ, ಎರಡು ಒಲಿಂಪಿಕ್ಸ್ ಗೆದ್ದು ಮನೆಗೆ ಹೋಗಿಯಾಗಿತ್ತು. ಕಾಲೇಜು ಹುಡುಗಿಯಾಗಿ ಅವರು ಗೆದ್ದದ್ದೆಲ್ಲ ಎಎಯು, ಅಂದರೆ ಅಮೆಚೂರ್ ಅಥ್ಲೆಟಿಕ್ ಯೂನಿಯನ್, ನಡೆಸುತ್ತಿದ್ದ ರಾಷ್ಟ್ರೀಯ ಕೂಟಗಳಲ್ಲಿ, ದೇಶದ ಎಲ್ಲ ವಯಸ್ಸಿನ ಓಟಗಾರ್ತಿಯರ ಎದುರು.

ಟೆಂಪಲ್ ಬಗ್ಗೆ ಇನ್ನೊಂದು ಮಾತು, ಶಿಕ್ಷಕಿಯಾಗಿ ಇದು ನನಗೆ ಪದಕಕ್ಕಿಂತ ದೊಡ್ಡದು. ಅವರ ಕೈಯಲ್ಲಿ 40 ಮಂದಿ ಒಲಿಂಪಿಕ್ಸ್‌ಗೆ ಹೋದರು. ಅವರಲ್ಲಿ 39 ಮಂದಿ ಪದವಿ ಮುಗಿಸಿದರು.

ಟೋಕಿಯೊಕ್ಕೆ ಬರೋಣ. ಅಮೆರಿಕದ ಮಹಿಳಾ ತಂಡಕ್ಕೆ ಟೆಂಪಲ್ ಅವರೇ ಕೋಚ್. 100 ಮೀಟರ್‌ಗೆ ಎಲ್ಲರ ಕಣ್ಣು ಎಡಿತ್ ಮೆಕ್‌ಗ್ವೈರ್ ಮೇಲೆ. ಅವರೂ ಜಾರ್ಜಿಯಾದವರೇ, ಟೈಗರ್‌ಬೆಲ್ಸ್‌ನಲ್ಲಿ ಟೈಯಸ್‌ಗಿಂತ ಹಿರಿಯರು, ಆಪ್ತ ಗೆಳತಿ. ಆಯ್ಕೆಯ ಓಟದಲ್ಲಿ ಗೆದ್ದವರೂ ಅವರೇ. ಟೆಂಪಲ್ ಲೆಕ್ಕದಲ್ಲಿ ಟೈಯಸ್‌ಗೆ 1964 ಅನುಭವ ಪಡೆಯುವ ವರ್ಷ, ಅವಳ ಸರದಿ 1968ಕ್ಕೆ. ಆದರೆ ಹತ್ತೊಂಬತ್ತರ ಹುಡುಗಿ ಸುತ್ತಿನ ಓಟದಲ್ಲೇ 11.2 ಸೆಕೆಂಡಿನಲ್ಲಿ ಓಡಿ ರುಡಾಲ್ಫ್ ಅವರ ವಿಶ್ವದಾಖಲೆಗೆ ಸಮ ಮಾಡಿದಳು. ಅಕ್ಟೋಬರ್ 16ರ ಫೈನಲ್‌ನಲ್ಲಿ 11.4 ಸೆಕೆಂಡು, ಚಿನ್ನ. ಮೆಕ್‌ಗ್ವೈರ್‌ಗೆ ಬೆಳ್ಳಿ, ಪೋಲೆಂಡಿನ ಎವಾ ಕ್ಲೊಬುಕೊವ್‌ಸ್ಕಾಗೆ ಕಂಚು. ಮೆಕ್‌ಗ್ವೈರ್ ಆಮೇಲೆ 200 ಮೀಟರ್ ಗೆದ್ದರು. ರಿಲೇಯಲ್ಲಿ ಅಮೆರಿಕಕ್ಕೆ ಬೆಳ್ಳಿ.

ಆ ಟ್ರ್ಯಾಕ್ ಸಿಂಡರ್‌ನದು, ಅಂದರೆ ಸುಟ್ಟ ಕಲ್ಲಿದ್ದಲಿನ ಹರಳು ಹಾಸಿ ರೋಲರ್ ಹೊಡೆದದ್ದು. ಒಲಿಂಪಿಕ್ಸ್‌ನಲ್ಲಿ ಸಿಂಡರ್ ಮೇಲೆ ಓಡಿದ್ದು ಅದೇ ಕೊನೆಯ ಸಲ. ಕೋಲಾರದಲ್ಲಿ ಹುಟ್ಟಿದ ನಮ್ಮ ಕೆನೆತ್ ಪೊವೆಲ್ ಕೂಡ ಅದೇ ಟೋಕಿಯೊ ಟ್ರ್ಯಾಕ್ ಮೇಲೆ 100 ಮತ್ತು 200 ಮೀಟರ್ ಓಡಿದ್ದರು. ನಮ್ಮ ಮಕ್ಕಳಿಗೆ ಟೈಯಸ್ ಕತೆ ಹೇಳುವಾಗ ನಾನು ಇದನ್ನು ಸೇರಿಸಿಯೇ ಹೇಳುತ್ತೇನೆ. ಸಿಂಡರ್ ಮೇಲೆ ಓಡುವುದು ಹೇಗಿರುತ್ತದೆ ಅಂತ ಕೆಂಪು ಮಣ್ಣಿನ ಮೈದಾನದಲ್ಲಿ ಓಡಿದವರಿಗೆ ಸ್ವಲ್ಪ ಗೊತ್ತು. ಕಾಲು ಒತ್ತಿದಷ್ಟೂ ಹರಳು ಹಿಂದಕ್ಕೆ ಜಾರುತ್ತದೆ, ಅಷ್ಟು ಶಕ್ತಿ ನೆಲದ ಪಾಲು. ಒಳಗಿನ ಲೇನು ಮೊದಲು ಕಿತ್ತುಹೋಗುತ್ತದೆ. ಮೆಕ್ಸಿಕೊದಲ್ಲಿ ಮೊದಲ ಸಲ ಸಿಂಥೆಟಿಕ್ ಟ್ರ್ಯಾಕ್ ಬಂತು, ಅಲ್ಲಿ ನೆಲ ಕಾಲಿಗೆ ತಿರುಗಿ ಒತ್ತು ಕೊಡುತ್ತದೆ. ಹೆಜ್ಜೆಯ ಲಯವೇ ಬೇರೆ. ಟೈಯಸ್ ಒಂದು ಚಿನ್ನವನ್ನು ಆ ನೆಲದಲ್ಲಿ, ಇನ್ನೊಂದನ್ನು ಈ ನೆಲದಲ್ಲಿ ಗೆದ್ದರು. ಎರಡು ಸಲ ಗೆದ್ದರು ಅಂತ ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಇದು ಕಾಣಿಸುವುದಿಲ್ಲ.

ನಡುವಿನ ನಾಲ್ಕು ವರ್ಷವೂ ಸುಲಭದ್ದಲ್ಲ. 1965ರಲ್ಲಿ ಪೋಲೆಂಡಿನ ಇಬ್ಬರು 11.1ಕ್ಕೆ ದಾಖಲೆ ಇಳಿಸಿದರು, ಅದೇ ತಿಂಗಳು ಕೀವ್‌ನಲ್ಲಿ ಟೈಯಸ್ ಕೂಡ 11.1 ಓಡಿ ಸಮ ಮಾಡಿದರು. 1967ರಲ್ಲಿ ವಿನಿಪೆಗ್‌ನ ಪ್ಯಾನ್ ಅಮೆರಿಕನ್ ಕೂಟದಲ್ಲಿ 200 ಮೀಟರ್ ಚಿನ್ನ. ಆದರೂ ಮೆಕ್ಸಿಕೊಕ್ಕೆ ಹೋಗುವ ಹೊತ್ತಿಗೆ ಹಳೆಯ ಚಾಂಪಿಯನ್ ಎನ್ನುವ ಮಾತು ಶುರುವಾಗಿತ್ತು. ಆಗ ಅವರಿಗೆ ವಯಸ್ಸು 23! ಇಪ್ಪತ್ತು ದಾಟಿದರೆ ಓಡುವ ಹುಡುಗಿಯ ಕಾಲ ಮುಗಿಯಿತು ಅನ್ನುವ ಜನ ಅಲ್ಲೂ ಇದ್ದರು, ಇಲ್ಲೂ ಇದ್ದಾರೆ.

1968ರ ಅಕ್ಟೋಬರ್ 15ರ ಫೈನಲ್ ವಿಡಿಯೊ ಅಂತರ್ಜಾಲದಲ್ಲಿ ಸಿಗುತ್ತದೆ, ದಯವಿಟ್ಟು ನೋಡಿ. ಮಳೆ ಬರುವ ಹಾಗಿದೆ. ಎಂಟು ಮಂದಿ ಬ್ಲಾಕ್‌ಗಳ ಹಿಂದೆ ನಿಂತಿದ್ದಾರೆ. ಅಲ್ಲಿ ಟೈಯಸ್ ಕುಣಿದರು. ಆ ವರ್ಷ ಅಮೆರಿಕದಲ್ಲಿ ಎಲ್ಲರ ಬಾಯಲ್ಲಿದ್ದ ಒಂದು ಹಾಡಿನ ಹೆಜ್ಜೆ, ಬ್ಲಾಕ್‌ನ ಹಿಂದೆಯೇ ಸೊಂಟ ತೋಳು ಸಡಿಲಬಿಟ್ಟು ಕುಣಿದರು. ಒಲಿಂಪಿಕ್ ಫೈನಲ್‌ಗೆ ಮೊದಲು! ಓಟ ಕಲಿಸುವವರಿಗೆ ಇದರ ಬೆಲೆ ಗೊತ್ತು. ಗುಂಡಿನ ಸದ್ದಿಗೆ ಕಾಯುವಾಗ ಹೆದರಿಕೆ ಮೊದಲು ಬಂದು ಕೂರುವುದು ಭುಜದಲ್ಲಿ ಮತ್ತು ದವಡೆಯಲ್ಲಿ. ಭುಜ ಗಟ್ಟಿಯಾದರೆ ತೋಳು ಬೀಸುವುದಿಲ್ಲ, ತೋಳು ಬೀಸದಿದ್ದರೆ ಕಾಲು ಏಳುವುದಿಲ್ಲ. ತಾಲ್ಲೂಕು ಕೂಟದಲ್ಲಿ ಸುಣ್ಣದ ಗೆರೆಯ ಹಿಂದೆ ಬಗ್ಗಿ ಕೂತ ನನ್ನ ಹುಡುಗಿಯರ ಕುತ್ತಿಗೆಯ ನರ ಉಬ್ಬಿರುವುದು ನನಗೆ ದೂರದಿಂದಲೇ ಕಾಣುತ್ತದೆ. ಓಟ ಅಲ್ಲೇ ಅರ್ಧ ಸೋತಿರುತ್ತಾರೆ. ಈಗ ಅವರಿಗೆ ಹೇಳಿಕೊಟ್ಟಿದ್ದೇನೆ: ಗೆರೆಗೆ ಬರುವ ಮೊದಲು ಕೈ ಕೊಡವಿ, ತುಟಿ ಸಡಿಲಬಿಡಿ, ಬೇಕಾದರೆ ಕುಣಿಯಿರಿ, ಯಾರೂ ಏನೂ ಅನ್ನುವುದಿಲ್ಲ.

ಓಟ 11.0 ಸೆಕೆಂಡಿನಲ್ಲಿ ಮುಗಿಯಿತು, ಹೊಸ ವಿಶ್ವದಾಖಲೆ. ಎಲೆಕ್ಟ್ರಾನಿಕ್ ಗಡಿಯಾರದಲ್ಲಿ ಅದು 11.08. ನೀವು ಎರಡೂ ಅಂಕಿ ನೋಡುತ್ತೀರಿ, ಎರಡೂ ಒಂದೇ ಓಟದ್ದು, ಗಲಿಬಿಲಿ ಬೇಡ. ಬಾರ್ಬರಾ ಫೆರೆಲ್ ಎರಡನೆಯವರು. ಮೂರನೆಯವರು ಪೋಲೆಂಡಿನ ಇರೆನಾ ಶೆವಿನ್‌ಸ್ಕಾ, ಆ ಕಾಲದ ದಿಗ್ಗಜೆ. ಮೆಕ್ಸಿಕೊ ಸಿಟಿ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ, ತೆಳು ಗಾಳಿ ಸ್ಪ್ರಿಂಟರ್‌ಗಳಿಗೆ ನೆರವಾಗುತ್ತದೆ ಅನ್ನುವುದು ನಿಜ. ಆದರೆ ಅದೇ ಗಾಳಿ ಉಳಿದ ಏಳು ಮಂದಿಗೂ ಇತ್ತು.

ಮಾರನೆಯ ದಿನ, ಅಕ್ಟೋಬರ್ 16ರಂದು, 200 ಮೀಟರ್‌ನ ಪದಕದ ವೇದಿಕೆಯಲ್ಲಿ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ವರ್ಣಭೇದದ ವಿರುದ್ಧ ಕಪ್ಪು ಕೈಗವಸು ತೊಟ್ಟು ಮುಷ್ಟಿ ಎತ್ತಿದರು. ಆ ಫೋಟೊ ನೀವು ಖಂಡಿತ ನೋಡಿರುತ್ತೀರಿ. ಇಬ್ಬರನ್ನೂ ತಂಡದಿಂದ ಹೊರಹಾಕಿದರು. ಕಪ್ಪು ಕ್ರೀಡಾಪಟುಗಳ ಆ ಚಳವಳಿಯನ್ನು ಕಟ್ಟಿದ ಗಂಡಸರು ಹೆಣ್ಣುಮಕ್ಕಳನ್ನು ಕೇಳಲೇ ಇಲ್ಲ, ಅವರೂ ಜೊತೆಗಿರುತ್ತಾರೆ ಅಂತ ಅಂದುಕೊಂಡುಬಿಟ್ಟರು. ಟೈಯಸ್ ತಮ್ಮ ಪಾಡಿಗೆ ತಂಡದ ಬಿಳಿ ಚಡ್ಡಿ ಬಿಟ್ಟು ಕಪ್ಪು ಚಡ್ಡಿ ತೊಟ್ಟು ಓಡಿದ್ದರು. ಯಾರೂ ಗಮನಿಸಲಿಲ್ಲ. 200 ಮೀಟರ್‌ನಲ್ಲಿ ಅವರು ಆರನೆಯವರಾದರು. ಅಕ್ಟೋಬರ್ 20ರಂದು ರಿಲೇಯ ಕೊನೆಯ ಹಂತ ಅವರದು. ಫೆರೆಲ್, ಮಾರ್ಗರೆಟ್ ಬೈಲ್ಸ್, ಮಿಲ್ಡ್ರೆಟ್ ನೆಟರ್ ಜೊತೆ 42.8 ಸೆಕೆಂಡು, ಚಿನ್ನ, ಮತ್ತೊಂದು ವಿಶ್ವದಾಖಲೆ. ಪತ್ರಕರ್ತರ ಮುಂದೆ ಕೂತಾಗ ಟೈಯಸ್ ಆ ಗೆಲುವನ್ನು ಸ್ಮಿತ್ ಮತ್ತು ಕಾರ್ಲೋಸ್ ಅವರಿಗೆ ಅರ್ಪಿಸುತ್ತೇವೆ ಅಂತ ಹೇಳಿದರು. ಹೊರಹಾಕಿಸಿಕೊಂಡವರ ಹೆಸರನ್ನು ಆ ವಾರ, ಆ ಊರಿನಲ್ಲಿ, ಬಾಯಿಬಿಟ್ಟು ಹೇಳಲು ಎಷ್ಟು ಗಟ್ಟಿ ಎದೆ ಬೇಕು ಯೋಚಿಸಿ. ಹದಿನೈದರಲ್ಲಿ ಒಂದೊಂದೇ ಪದ ಆಡುತ್ತಿದ್ದ ಹುಡುಗಿ ಅದು.

ಮುಂದಿನದು ಚುಟುಕಾಗಿ ಹೇಳಿಬಿಡುತ್ತೇನೆ. ಆಗಿನ ಅಮೆಚೂರ್ ನಿಯಮದಲ್ಲಿ ಓಟಕ್ಕೆ ಹಣ ಮುಟ್ಟುವ ಹಾಗಿರಲಿಲ್ಲ. ವಿಶ್ವದಾಖಲೆ ಕೈಯಲ್ಲಿದ್ದಾಗಲೇ ಟೈಯಸ್ ಓಟ ನಿಲ್ಲಿಸಿದರು. 1973ರಲ್ಲಿ ವೃತ್ತಿಪರ ಕೂಟಗಳು ಶುರುವಾದಾಗ ಕೆಲವು ವರ್ಷ ಮತ್ತೆ ಓಡಿದರು. 1974ರಲ್ಲಿ ಮಹಿಳಾ ಕ್ರೀಡೆಗಾಗಿ ವಿಮೆನ್ಸ್ ಸ್ಪೋರ್ಟ್ಸ್ ಫೌಂಡೇಷನ್ ಹುಟ್ಟಿದಾಗ ಸ್ಥಾಪಕರಲ್ಲಿ ಅವರೂ ಒಬ್ಬರು. ಆಮೇಲೆ ಲಾಸ್ ಏಂಜಲೀಸ್‌ನ ಸರ್ಕಾರಿ ಶಾಲೆಗಳ ಹೊರಾಂಗಣ ಶಿಕ್ಷಣ ಕೇಂದ್ರದಲ್ಲಿ ಕೆಲಸ. ಪೇಟೆಯ ಮಕ್ಕಳನ್ನು ಕಾಡಿಗೆ ಕರೆದೊಯ್ದು ಗಿಡ ಮರ ಪ್ರಾಣಿಗಳ ಬಗ್ಗೆ ಹೇಳಿಕೊಡುವುದು. ನಿವೃತ್ತಿಯವರೆಗೂ ಅದನ್ನೇ ಮಾಡಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಒಲಿಂಪಿಕ್ ಧ್ವಜ ಹೊತ್ತವರಲ್ಲಿ ಅವರಿದ್ದರು. ಕಾರ್ಲ್ ಲೂಯಿಸ್ ತಮ್ಮ ಮೊದಲ 100 ಮೀಟರ್ ಚಿನ್ನ ಗೆದ್ದದ್ದು ಅದೇ ಕೂಟದಲ್ಲಿ. ಹುಟ್ಟೂರು ಗ್ರಿಫಿನ್‌ನಲ್ಲಿ ಈಗ ಅವರ ಹೆಸರಿನ 164 ಎಕರೆಯ ಉದ್ಯಾನವಿದೆ.

1988ರಲ್ಲಿ ಲೂಯಿಸ್ ಎರಡನೆಯ ಚಿನ್ನ ಪಡೆದಾಗ 'ಮೊದಲ ಸಲ' ಎಂಬ ಮಾತು ಎಲ್ಲೆಡೆ ಹಬ್ಬಿತು, ನಮ್ಮ ಪುಸ್ತಕಗಳಿಗೂ ಬಂತು. ಲೂಯಿಸ್ ಮಹಾನ್ ಓಟಗಾರ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅವರ ಹೆಸರಿನ ಮುಂದೆ 'ಪುರುಷರಲ್ಲಿ' ಅಂತ ಬರೆಯಲು ಮರೆಯುವವರು, ಟೈಯಸ್ ಹೆಸರಿನ ಮುಂದೆ ಮಾತ್ರ 'ಮಹಿಳೆಯರಲ್ಲಿ' ಅಂತ ಮರೆಯದೆ ಬರೆಯುತ್ತಾರೆ. ನನಗೆ ನೋವಾಗುವುದು ಅದಕ್ಕೆ. ಆಕೆ ಮೊದಲ ಮಹಿಳೆ ಮಾತ್ರ ಅಲ್ಲ, ಮೊದಲ ವ್ಯಕ್ತಿ. ಅವರ ನಂತರ ಗೇಲ್ ಡೆವರ್ಸ್, ಶೆಲ್ಲಿ-ಆನ್ ಫ್ರೇಸರ್-ಪ್ರೈಸ್, ಎಲೇನ್ ಥಾಂಪ್ಸನ್-ಹೆರಾ ಎರಡೆರಡು ಸಲ ಗೆದ್ದರು, ಉಸೇನ್ ಬೋಲ್ಟ್ ಮೂರು ಸಲ ಗೆದ್ದರು. ಈ ಸಾಲಿನ ತಲೆಯಲ್ಲಿ ನಿಂತವರು ಟೈಯಸ್.

ನಿಮ್ಮ ಪರೀಕ್ಷೆಯ ವಿಷಯ: ಪ್ರಶ್ನೆಯಲ್ಲಿ 'ಪುರುಷ' ಅಂತ ಸ್ಪಷ್ಟವಾಗಿ ಇದ್ದರೆ ಕಾರ್ಲ್ ಲೂಯಿಸ್, 1984 ಮತ್ತು 1988 ಅಂತ ಬರೆಯಿರಿ. 'ವ್ಯಕ್ತಿ' ಅಥವಾ 'ಕ್ರೀಡಾಪಟು' ಅಂತಿದ್ದರೆ ವಯೋಮಿಯಾ ಟೈಯಸ್, 1964 ಮತ್ತು 1968. ಕೀ ಉತ್ತರದಲ್ಲಿ ತಪ್ಪು ಬಂದಿದ್ದರೆ ಆಕ್ಷೇಪಣೆ ಸಲ್ಲಿಸಿ, ಈ ಎರಡು ದಿನಾಂಕ ಸಾಕು: 1964ರ ಅಕ್ಟೋಬರ್ 16, 1968ರ ಅಕ್ಟೋಬರ್ 15. ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ.