ಪ್ರವಾದಿಗಳ ಸಿಟ್ಟು ಯಾರ ಮೇಲೆ?

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ದೇವರ ಮಾತು ಸಾರುತ್ತಿದ್ದ ಪ್ರವಾದಿಗಳಿಗೆ, ಬಲಿ ಅರ್ಪಿಸುವ ಪುರೋಹಿತರಾದ ಯಾಜಕರನ್ನು ಕಂಡರೇ ಆಗುತ್ತಿರಲಿಲ್ಲವಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ಪ್ರವಾದಿಗಳಾದ ಯೆರೆಮೀಯ, ಯೆಹೆಜ್ಕೇಲ ಇಬ್ಬರೂ ಯಾಜಕರ ಮನೆತನದವರೇ ಅಲ್ವಾ? ಸಿಟ್ಟು ಇದ್ದದ್ದು ಕೆಲಸ ಕೆಡಿಸಿದವರ ಮೇಲೆ. ಜನಕ್ಕೆ ಧರ್ಮಶಾಸ್ತ್ರ, ಅಂದರೆ ದೇವರ ಕಟ್ಟಳೆಗಳನ್ನು, ಕಲಿಸುವುದು ಯಾಜಕರ ಹೊಣೆ. ಅದನ್ನೂ ದುಡ್ಡಿಗೆ ಮಾಡುತ್ತಾರೆ ಅನ್ನುವುದು ಪ್ರವಾದಿ ಮೀಕನ ದೂರು. ಹೋಶೇಯನದು ಇನ್ನೂ ಖಾರ: ಜನರ ಪಾಪವೇ ಇವರ ಊಟ! ದೋಷಪರಿಹಾರದ ಬಲಿಯ ಮಾಂಸದಲ್ಲಿ ಯಾಜಕರಿಗೆ ಪಾಲಿತ್ತು. ಜನ ಜಾಸ್ತಿ ತಪ್ಪು ಮಾಡಿದಷ್ಟೂ ಇವರ ತಟ್ಟೆಗೆ ಲಾಭ ಅಂತ ಅದನ್ನು ಓದಬಹುದು.

ನನಗೆ ಇಷ್ಟವಾಗುವುದು ಪ್ರವಾದಿ ಮಲಾಕಿಯ ಯಾಜಕರಿಗೆ ಕೊಟ್ಟ ಕುಟುಕು. ಕುರುಡು, ಕುಂಟು ಪ್ರಾಣಿಗಳನ್ನು ಬಲಿಗೆ ತರುತ್ತೀರಲ್ಲ, ಅದನ್ನೇ ನಿಮ್ಮ ದೇಶಾಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನಾ? ಆದರೆ ಯಾಜಕನ ತುಟಿಗಳು ಜ್ಞಾನವನ್ನು ಕಾಯಬೇಕು, ಅವನು ದೇವರ ದೂತ ಅಂತ ಹೇಳಿದವನೂ ಅದೇ ಮಲಾಕಿಯ.