ನಿಮ್ಮ ಜರ್ಮನ್ ಸರಿಯಾಗಿಯೇ ಇದೆ, ಸ್ಟುಟ್‌ಗಾರ್ಟಿನ ಮಾತೇ ಬೇರೆ

ಸ್ಟುಟ್‌ಗಾರ್ಟಿಗೆ ಬಂದು ಎರಡು ತಿಂಗಳಾಯಿತು, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್‌ನ ಬಿ1 ಮಟ್ಟದ ಪರೀಕ್ಷೆ ಪಾಸು ಮಾಡಿಕೊಂಡೇ ಬಂದೆ, ಆದರೂ ಕ್ಯಾಂಟೀನಿನಲ್ಲಿ ಜೊತೆಯವರ ಮಾತು ಅರ್ಧವೂ ತಿಳಿಯುವುದಿಲ್ಲ, ಇಂಗ್ಲಿಷಿನಲ್ಲೇ ಕಾಲ ತಳ್ಳಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಹದಿನಾಲ್ಕು ವರ್ಷದಿಂದ ಇಲ್ಲಿರುವವಳು ಹೇಳುತ್ತಿದ್ದೇನೆ, ನೀವು ಕಲಿತದ್ದರಲ್ಲಿ ಏನೂ ತಪ್ಪಿಲ್ಲ. ನೀವು ಕಲಿತದ್ದು ಹೋಖ್‌ಡಾಯ್ಚ್, ಅಂದರೆ ಪುಸ್ತಕದ ಜರ್ಮನ್. ಅವರು ಊಟದ ಹೊತ್ತಿಗೆ ಆಡುವುದು ಶ್ವೇಬಿಶ್, ಅಂದರೆ ಈ ಸೀಮೆಯ ಆಡುಮಾತು.

ನಿಮ್ಮದು ಮೈಸೂರು ಅಂದಿರಿ, ನನ್ನದು ಧಾರವಾಡ. ನಾನು ‘ಲಗೂ ಬಾ’ ಅಂದರೆ ನೀವು ಒಂದು ಕ್ಷಣ ನಿಂತು ಯೋಚಿಸುತ್ತೀರಿ, ಅಲ್ವಾ? ಅದಕ್ಕೆ ನಿಮ್ಮ ಕನ್ನಡ ಕಚ್ಚಾ ಅಂತ ಯಾರೂ ಅನ್ನುವುದಿಲ್ಲ. ಇದೂ ಹಾಗೇ. ಸ್ಟುಟ್‌ಗಾರ್ಟ್ ಇರುವ ಈ ಬಾಡೆನ್-ವುರ್ಟೆಂಬರ್ಗ್ ರಾಜ್ಯದವರೇ 1999ರಲ್ಲಿ ತಮ್ಮ ಜಾಹೀರಾತಿನಲ್ಲಿ ‘ನಮಗೆ ಎಲ್ಲಾ ಬರುತ್ತದೆ, ಹೋಖ್‌ಡಾಯ್ಚ್ ಒಂದು ಬಿಟ್ಟು’ ಅಂತ ಹೆಮ್ಮೆಯಿಂದ ಹಾಕಿಕೊಂಡಿದ್ದರು.

ಮೊದಲು ಕಿವಿಗೆ ಬೀಳುವುದು ಸಣ್ಣ ಬದಲಾವಣೆಗಳು. ‘ಇದೆ’ ಅನ್ನುವ ‘ಇಸ್ಟ್’ ಇಲ್ಲಿ ‘ಇಶ್’, ‘ಅಲ್ಲ’ ಅನ್ನುವ ‘ನಿಖ್ಟ್’ ಇಲ್ಲಿ ‘ನೆಟ್’. ಹೆಸರಿನ ಕೊನೆಗೆ ‘ಲೆ’ ಅಂಟಿಸಿ ಚಿಕ್ಕದು, ಮುದ್ದಾದದ್ದು ಮಾಡುತ್ತಾರೆ. ನೀವು ಕ್ಯಾಂಟೀನಿನಲ್ಲಿ ತಿನ್ನುವ, ನೂಡಲ್ಸಿನಂಥ ಶ್ಪೆಟ್ಸ್‌ಲೆಯಲ್ಲಿ ಇರುವುದೂ ಅದೇ ‘ಲೆ’. ಇಷ್ಟು ಎರಡು ವಾರದಲ್ಲಿ ಬಂದುಬಿಡುತ್ತದೆ.

ಕಷ್ಟ ಇರುವುದು ಗೊತ್ತಿರುವ ಪದಗಳಲ್ಲೇ. ನಾನು ಬಂದ ಹೊಸತರಲ್ಲಿ ಕೆಳಮನೆಯ ತಾತ ಮೆಟ್ಟಿಲ ಹತ್ತಿರ ಏಣಿ ಹಾಕಿಕೊಂಡು ಬಲ್ಬ್ ಬದಲಿಸಲು ಹೊರಟಿದ್ದರು. ನನ್ನನ್ನು ನೋಡಿ, ಏಣಿ ತೋರಿಸಿ, ‘ಹೆಬ್ ಮೊಲ್’ ಅಂದರು. ‘ಹೇಬನ್’ ಅಂದರೆ ಎತ್ತುವುದು ಅಂತ ನಾನು ಓದಿದ್ದೆ. ಎರಡೂ ಕೈ ಹಾಕಿ ಏಣಿ ಎತ್ತಲು ಹೋದೆ. ಅವರ ಒಂದು ಕಾಲು ಆಗಲೇ ಮೇಲಿನ ಮೆಟ್ಟಿಲ ಮೇಲಿತ್ತು! ಶ್ವೇಬಿಶಿನಲ್ಲಿ ಅದಕ್ಕೆ ‘ಹಿಡಿದುಕೋ’ ಅಂತ ಅರ್ಥ. ಅವರು ಇಳಿದು ಬಂದು, ಏಣಿಯ ಕಾಲನ್ನು ನನ್ನ ಕೈಯಿಂದ ಗಟ್ಟಿಯಾಗಿ ಹಿಡಿಸಿ, ‘ಹೆಬಾ, ಹೆಬಾ’ ಅಂತ ಎರಡು ಸಲ ಹೇಳಿಕೊಟ್ಟರು. ಆ ಪದ ಇನ್ನು ಮರೆಯುವ ಹಾಗೇ ಇಲ್ಲ.

ಅವರ ಹೆಂಡತಿ ಒಂದು ದಿನ ‘ಫೂಸ್’ ನೋಯುತ್ತಿದೆ ಅಂತ ತೊಡೆ ಒತ್ತಿಕೊಳ್ಳುತ್ತಾ ಕೂತಿದ್ದರು. ಪುಸ್ತಕದಲ್ಲಿ ಫೂಸ್ ಅಂದರೆ ಪಾದ ಮಾತ್ರ. ಇವರಿಗೆ ತೊಡೆಯಿಂದ ಬೆರಳ ತನಕ ಎಲ್ಲವೂ ಫೂಸ್. ನಮ್ಮ ‘ಕಾಲು’ ಇದ್ದ ಹಾಗೇ. ಇದು ಹೊಳೆದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಗಂಟೆಯ ವಿಷಯದಲ್ಲಿ ಮಾತ್ರ ಜಾಸ್ತಿ ಹುಷಾರಾಗಿರಿ. ‘ಹಾಲ್ಬ್ ಡ್ರಾಯ್’ ಅಂದರೆ ಎರಡೂವರೆ ಅಂತ ನಿಮಗೆ ಗೊತ್ತು. ಇಲ್ಲಿ ‘ಫಿರ್ಟೆಲ್ ಡ್ರಾಯ್’ ಅಂತಲೂ ಅನ್ನುತ್ತಾರೆ. ಅದು ಮೂರೂ ಕಾಲು ಅಲ್ಲ, ಎರಡೂ ಕಾಲು. ಮೂರನೇ ಗಂಟೆಯಲ್ಲಿ ಕಾಲು ಭಾಗ ಕಳೆದಿದೆ ಅನ್ನುವ ಲೆಕ್ಕ. ‘ಡ್ರಾಯ್‌ಫಿರ್ಟೆಲ್ ಡ್ರಾಯ್’ ಎರಡೂ ಮುಕ್ಕಾಲು. ಇದು ಗೊತ್ತಿಲ್ಲದೆ ನಾನು ಹಲ್ಲಿನ ಡಾಕ್ಟರ ಹತ್ತಿರ ಸರಿಯಾಗಿ ಒಂದು ಗಂಟೆ ತಡವಾಗಿ ಹೋಗಿದ್ದೆ. ಅನುಮಾನ ಬಂದರೆ ‘ಹದಿನಾಲ್ಕು ಹದಿನೈದಾ?’ ಅಂತ ಅಂಕಿಯಲ್ಲೇ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನನ್ನ ಉಚ್ಚಾರ ಕೇಳಿ ಏನಂದುಕೊಳ್ಳುತ್ತಾರೋ ಅಂತಲೂ ಬರೆದಿದ್ದೀರಿ. ತಿದ್ದಬೇಕಾದ್ದು ಎರಡೇ. ನಾವು ಕಾರು, ಬಸ್ಸು ಅನ್ನುವವರು, ಹಾಗಾಗಿ ಪದದ ಕೊನೆಗೆ ಸುಮ್ನೆ ಒಂದು ‘ಉ’ ಸೇರಿಕೊಳ್ಳುತ್ತದೆ. ಅದನ್ನು ಬಿಡಿ. ಇನ್ನೊಂದು, ಮೇಲೆ ಎರಡು ಚುಕ್ಕಿ ಇರುವ ಸ್ವರಗಳು. ಬಾಯೊಳಗೆ ‘ಈ’ ಅನ್ನುತ್ತಾ ತುಟಿಯನ್ನು ‘ಊ’ಗೆ ಮಾಡುವಂತೆ ದುಂಡಗೆ ಮಾಡಿ. ‘ಏ’ ಅನ್ನುತ್ತಾ ‘ಓ’ಗೆ ಮಾಡುವಂತೆ ಮಾಡಿ. ಕನ್ನಡಿ ಮುಂದೆ ವಾರ ಮಾಡಿದರೆ ಸಾಕು. ಇದು ಬರದಿದ್ದರೆ ‘ಚೆಂದ’ ಅನ್ನುವ schön, ‘ಆಗಲೇ’ ಅನ್ನುವ schon ಆಗಿ ಕೇಳಿಸುತ್ತದೆ. ಮಿಕ್ಕ ಮೈಸೂರಿನ ದನಿ ಹಾಗೇ ಇರಲಿ. ನನ್ನ ಜರ್ಮನ್‌ನಲ್ಲಿ ಧಾರವಾಡ ಇವತ್ತಿಗೂ ಇದೆ. ಶ್ವೇಬಿಶ್ ಆಡಲೂ ಹೋಗಬೇಡಿ, ತಿಳಿದರೆ ಸಾಕು. ನೀವು ಹೋಖ್‌ಡಾಯ್ಚಿನಲ್ಲಿ ಹೇಳಿ, ಅವರು ತಮ್ಮದರಲ್ಲಿ ಹೇಳಲಿ.

ಆಫೀಸಿನಲ್ಲಿ ಯಾರೂ ಹೊಗಳುವುದಿಲ್ಲ ಅಂತ ಕುಗ್ಗಬೇಡಿ. ಬೈಯದಿದ್ದರೆ ಅದೇ ಹೊಗಳಿಕೆ ಅಂತ ಇಲ್ಲಿಯವರ ಗಾದೆಯೇ ಇದೆ.

ಒಂದು ಭಾನುವಾರ ಎಸ್‌-ಬಾನ್ ಅನ್ನುವ ಲೋಕಲ್ ರೈಲು ಹತ್ತಿ ಎಸ್ಲಿಂಗನ್‌ಗೆ ಹೋಗಿ ಬನ್ನಿ, ಹತ್ತು ಹದಿನೈದು ನಿಮಿಷದ ದಾರಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಇದೇ ವುರ್ಟೆಂಬರ್ಗ್ ಸೀಮೆಯವರು, 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ ಕೊನೆಯ ದಿನ ಕಳೆದದ್ದು ಟ್ಯೂಬಿಂಗನ್‌ನಲ್ಲಿ, ಅದೂ ಹತ್ತಿರವೇ. ಆ ನಿಘಂಟಿನಲ್ಲಿ ಕಾವ್ಯದ ಪದಗಳ ಜೊತೆಗೆ ಜನರ ಗಾದೆಗಳೂ ಇವೆ. ಈ ಇಬ್ಬರೂ ಒಮ್ಮೆ ನಮ್ಮ ನಾಡಿನಲ್ಲಿ ಹೊಸಬರಾಗಿ ನಿಂತು, ಇದೇನು ಮಾತು ಅಂತ ಕಿವಿಗೊಟ್ಟವರು. ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಈ ಶನಿವಾರ ಬೆಳಿಗ್ಗೆ ಮಾರ್ಕ್ಟ್‌ಪ್ಲಾಟ್ಸ್‌ನ ಸಂತೆಗೆ ಹೋಗಿ. ತರಕಾರಿ ಮಾರುವ ಅಜ್ಜಿಯರ ಮುಂದೆ ಸಾಲಿನಲ್ಲಿ ನಿಂತು ಮುಂದಿನವರ ಮಾತು ಕೇಳಿ. ನಿಮ್ಮ ಸರದಿ ಬಂದಾಗ ಅರ್ಧ ಕಿಲೋ ಬೀನ್ಸ್ ಕೇಳಿ. ಚೀಲಕ್ಕೆ ಹಾಕುತ್ತಾ ಅವರು ‘ಸೊನ್ಶ್ಟ್ ನೋ ಎಬ್ಬಸ್?’ ಅನ್ನುತ್ತಾರೆ. ಇನ್ನೇನಾದರೂ ಬೇಕಾ ಅಂತ. ಟೊಮೆಟೊನೂ ಕೇಳಿ, ಮಾತು ಸ್ವಲ್ಪ ಬೆಳೆಯುತ್ತದೆ.